ಮೊದಲೇ ಕಲೆಗಟ್ಟಿರುವ ಶ್ವಾಸಕೋಶಕ್ಕೆ ರೇಡಿಯೇಷನ್ ಕೊಡಿಸಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಮೂಡಿಗೆರೆ ಮಗಳು · ಏಪ್ರಿಲ್ 16, ರಾತ್ರಿ 9.40
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು. ಆರು ಎಕರೆ ಕಾಫಿ ತೋಟವಿದೆ, ಮನೆಯಲ್ಲಿ ಮೂರು ಹಸುಗಳಿವೆ. ಅಪ್ಪನಿಗೆ ಈಗ 71 ವರ್ಷ. ತೋಟದ ಏರು ಹತ್ತುವಾಗ ದಮ್ಮು ಕಟ್ಟುತ್ತದೆ ಎಂದು ನಾಲ್ಕು ವರ್ಷಗಳ ಹಿಂದೆ ತೋರಿಸಿದಾಗ, ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್ ಆದ ಎಚ್‌ಆರ್‌ಸಿಟಿ ಮಾಡಿಸಿ, ಐಎಲ್‌ಡಿ (ಗಾಳಿಚೀಲದ ಗೋಡೆ ದಪ್ಪವಾಗಿ ಶ್ವಾಸಕೋಶ ಕಲೆಗಟ್ಟುವ ಕಾಯಿಲೆಗಳು) ಎಂಬ ಗುಂಪಿಗೆ ಸೇರಿದ, ಉಸಿರಿನೊಂದಿಗೆ ಒಳಹೋದ ಧೂಳಿಗೆ ಶ್ವಾಸಕೋಶ ಕೆರಳಿ ಬರುವ ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್ ಇದೆ, ಶ್ವಾಸಕೋಶದ ಕೆಳಭಾಗದಲ್ಲಿ ಕಲೆಗಟ್ಟಿದೆ ಎಂದಿದ್ದರು. ಮಾತ್ರೆಗಳಿಂದ ಒಂದು ಮಟ್ಟಕ್ಕೆ ನಿಂತಿತ್ತು.

ಈಗ ಅದೇ ಬಲಗಡೆಯ ಕೆಳಭಾಗದಲ್ಲಿ 2.1 ಸೆಂಟಿಮೀಟರಿನ ಗೆಡ್ಡೆ ಕಾಣಿಸಿಕೊಂಡಿದ್ದು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಬೇರೆಲ್ಲಿಗೂ ಹರಡಿಲ್ಲ. ಉಸಿರಿನ ಪರೀಕ್ಷೆಯ ಫಲಿತಾಂಶ ನೋಡಿ ಶಸ್ತ್ರಚಿಕಿತ್ಸೆ ಬೇಡವೆಂದರು. ರೇಡಿಯೇಷನ್ ವೈದ್ಯರು ಎಸ್‌ಬಿಆರ್‌ಟಿ ಎಂಬ, ಗೆಡ್ಡೆಯನ್ನೇ ನಿಖರವಾಗಿ ಗುರಿಯಿಟ್ಟು ಹೆಚ್ಚು ವಿಕಿರಣ ಕೊಡುವ ಐದು ಸಲದ ಚಿಕಿತ್ಸೆ ಸಾಧ್ಯವೆಂದು ಹೇಳಿ, ಅದರ ಜೊತೆಗೇ ಒಪ್ಪಿಗೆ ಪತ್ರ ಮುಂದಿಟ್ಟು, ‘ಇವರ ಶ್ವಾಸಕೋಶ ಮೊದಲೇ ಕೆಟ್ಟಿರುವುದರಿಂದ ಆಮೇಲೆ ರೇಡಿಯೇಷನ್ ನ್ಯೂಮೊನೈಟಿಸ್ ಬಂದರೆ ಪ್ರಾಣಕ್ಕೂ ಅಪಾಯವಾಗಬಹುದು’ ಎಂದರು. ಅಣ್ಣ ಬೇಡವೇ ಬೇಡ ಎನ್ನುತ್ತಿದ್ದಾನೆ. ಅಪ್ಪ ‘ನೀವು ಹೇಳಿದ ಹಾಗೆ’ ಎಂದು ನಮ್ಮ ಮೇಲೆ ಹಾಕಿ ಕೊಟ್ಟಿಗೆಗೆ ಹೋಗುತ್ತಾರೆ. ಇಂಥ ಪರಿಸ್ಥಿತಿಯಲ್ಲಿ ಯಾರಾದರೂ ಕೊಡಿಸಿದ್ದೀರಾ?

ಹೇಮಾವತಿ ದಂಡೆ · 10.05
ನಿಮ್ಮ ಅಣ್ಣ ಹೇಳುವುದು ಸರಿ. ನಮ್ಮ ಚಿಕ್ಕಪ್ಪನಿಗೆ ಇದೇ ರೀತಿ ಶ್ವಾಸಕೋಶ ಕಲೆಗಟ್ಟಿತ್ತು. ಮೂವತ್ತು ದಿನ ಕರೆಂಟು (ರೇಡಿಯೇಷನ್) ಕೊಡಿಸಿ ಊರಿಗೆ ಕರೆತಂದೆವು. ಎರಡೂವರೆ ತಿಂಗಳಿಗೆ ಹೋದರು. ಗೆಡ್ಡೆ ಕರಗಿತ್ತು ಎಂದು ಸ್ಕ್ಯಾನಿನಲ್ಲಿ ಬಂದದ್ದು ಅವರ ತಿಥಿಯ ವಾರದಲ್ಲಿ.

ಅರಕಲಗೂಡು ಪಿಜಿ · 10.52
ಅಕ್ಕ, ನಾನು ಶ್ವಾಸಕೋಶ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿರುವವನು. ನಿಮ್ಮ ವೈದ್ಯರ ಮಾತಿಗೆ ಇದು ಬದಲಿಯಲ್ಲ. ಆದರೂ ಅವರು ಹೇಳಿದ್ದನ್ನು ಬಿಡಿಸಿ ಹೇಳಬಲ್ಲೆ.

ರೇಡಿಯೇಷನ್ ನ್ಯೂಮೊನೈಟಿಸ್ ಎಂದರೆ ಸೋಂಕಲ್ಲ. ವಿಕಿರಣವು ಗೆಡ್ಡೆಯ ಸುತ್ತಲಿನ ಗಾಳಿಚೀಲಗಳ ಒಳಪದರದ ಜೀವಕೋಶಗಳಿಗೂ ಸಣ್ಣ ರಕ್ತನಾಳಗಳಿಗೂ ಪೆಟ್ಟು ಕೊಡುತ್ತದೆ, ಆ ಪೆಟ್ಟಿಗೆ ದೇಹ ತೋರಿಸುವ ಉರಿಯೂತವೇ ಈ ಕಾಯಿಲೆ. ಚಿಕಿತ್ಸೆ ನಡೆಯುವಾಗ ಏನೂ ಕಾಣುವುದಿಲ್ಲ. ಸಾಮಾನ್ಯವಾಗಿ ಮುಗಿದು ಒಂದರಿಂದ ಮೂರು ತಿಂಗಳ ನಡುವೆ, ಕೆಲವರಲ್ಲಿ ಆರು ತಿಂಗಳವರೆಗೂ, ಒಣಕೆಮ್ಮು, ಏದುಸಿರು, ಸಣ್ಣ ಜ್ವರ ಶುರುವಾಗುತ್ತವೆ. ಆಮೇಲೆ ಆ ಜಾಗ ಗಟ್ಟಿಯಾಗಿ ಕಲೆಯಾಗುವುದು ಬೇರೆ ಹಂತ, ಅದಕ್ಕೆ ಆರು ತಿಂಗಳಿಂದ ಎರಡು ವರ್ಷ ಹಿಡಿಯುತ್ತದೆ.

ಆರೋಗ್ಯವಂತ ಶ್ವಾಸಕೋಶದವರಿಗೆ ಎಸ್‌ಬಿಆರ್‌ಟಿ ಕೊಟ್ಟಾಗ ಲಕ್ಷಣ ಕಾಣಿಸುವಷ್ಟು ಉರಿಯೂತ ಬರುವುದು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಐಎಲ್‌ಡಿ ಇದ್ದವರ ಲೆಕ್ಕವೇ ಬೇರೆ. ಹಳೆಯ ವರದಿಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಮರ್ಶೆಯಲ್ಲಿ ಚಿಕಿತ್ಸೆಯಿಂದಲೇ ಸತ್ತವರ ಪ್ರಮಾಣ ಶೇಕಡಾ 15ರ ಆಸುಪಾಸು ಬಂದಿತ್ತು. ಆ ಕಾರಣಕ್ಕೆ ಇಂಥವರನ್ನು ಮುಟ್ಟಲೇಬಾರದು ಎನ್ನುವವರು ಬಹಳ ಮಂದಿ ಇದ್ದರು. ಆಮೇಲೆ ಕೆನಡಾ ಮತ್ತು ಸ್ಕಾಟ್ಲೆಂಡಿನಲ್ಲಿ ಆಸ್ಪೈರ್-ಐಎಲ್‌ಡಿ ಎಂಬ ಪ್ರಯೋಗವನ್ನು ಐಎಲ್‌ಡಿ ಇರುವವರಿಗಾಗಿಯೇ ನಡೆಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. 39 ಜನರಿಗೆ 50 ಗ್ರೇ (ವಿಕಿರಣದ ಅಳತೆ) ವಿಕಿರಣವನ್ನು ಐದು ಕಂತುಗಳಲ್ಲಿ, ದಿನ ಬಿಟ್ಟು ದಿನ ಕೊಟ್ಟಿದ್ದರು. ಅವರಲ್ಲಿ ಮೂವರು, ಅಂದರೆ ಶೇಕಡಾ 7.7, ಉಸಿರಾಟ ಹದಗೆಟ್ಟು ತೀರಿಕೊಂಡರು. ಒಂದು ವರ್ಷದ ನಂತರ ಶೇಕಡಾ 79ರಷ್ಟು ಜನ ಬದುಕಿದ್ದರು. ನಿಮ್ಮ ತಂದೆಯವರ ಪ್ರಶ್ನೆಗೆ ಅತಿ ಹತ್ತಿರದ ಉತ್ತರ ಇದೇ.

ಹೇಮಾವತಿ ದಂಡೆ · 11.10
ಮೂವತ್ತೊಂಬತ್ತು ಜನರಲ್ಲಿ ಮೂವರು ಎಂದರೆ ಹದಿಮೂರು ಮನೆಗೆ ಒಂದು ಸಾವು. ಅದನ್ನು ಶೇಕಡಾ ಏಳೂ ಚಿಲ್ಲರೆ ಎಂದು ಬರೆದರೆ ಚಿಕ್ಕದಾಗಿ ಕಾಣುತ್ತದೆ, ಅಷ್ಟೆ.

ಅರಕಲಗೂಡು ಪಿಜಿ · 11.24
ಒಪ್ಪುತ್ತೇನೆ ಸರ್, ಚಿಕ್ಕದೆಂದು ನಾನೂ ಹೇಳಲಿಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಖಾಲಿ ಬಿಟ್ಟು ತೂಗಬಾರದು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಆ ಗೆಡ್ಡೆ ಸುಮ್ಮನೆ ಕೂರುವುದಿಲ್ಲ. ಶಸ್ತ್ರಚಿಕಿತ್ಸೆಯೂ ಇವರಿಗೆ ನಿರಪಾಯಕಾರಿಯಲ್ಲ. ಜಪಾನಿನಲ್ಲಿ ಐಎಲ್‌ಡಿ ಇದ್ದೂ ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 1,763 ಜನರ ದಾಖಲೆ ನೋಡಿದಾಗ ಶೇಕಡಾ 9.3 ಮಂದಿಗೆ ಹಳೆಯ ಕಾಯಿಲೆ ದಿಢೀರನೆ ಉಲ್ಬಣಿಸಿತ್ತು, ಹಾಗೆ ಉಲ್ಬಣಿಸಿದವರಲ್ಲಿ ಶೇಕಡಾ 40ಕ್ಕೂ ಹೆಚ್ಚು ಜನ ಉಳಿಯಲಿಲ್ಲ. ನಿಮ್ಮ ಚಿಕ್ಕಪ್ಪನವರದು ಮೂವತ್ತು ದಿನದ ಚಿಕಿತ್ಸೆ ಎಂದಿರಿ. ಅದು ದೊಡ್ಡ ಗೆಡ್ಡೆಗೆ, ಎದೆಯ ಮಧ್ಯದ ಗ್ರಂಥಿಗಳನ್ನೂ ಸೇರಿಸಿ ಕೊಡುವ ಪದ್ಧತಿಯಾಗಿರಬೇಕು. ಅಲ್ಲಿ ವಿಕಿರಣ ಬೀಳುವ ಶ್ವಾಸಕೋಶದ ಪ್ರಮಾಣವೇ ಬಹಳ ದೊಡ್ಡದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಬೇಲೂರು ಮೇಷ್ಟ್ರು · ಏಪ್ರಿಲ್ 17, ಬೆಳಿಗ್ಗೆ 6.15
ನನ್ನ ಹೆಂಡತಿಗೆ ಸ್ತನ ಕ್ಯಾನ್ಸರಿಗೆಂದು ರೇಡಿಯೇಷನ್ ಕೊಟ್ಟು ಆರು ವರ್ಷವಾಯಿತು. ಆಕೆಗೆ ಮೊದಲಿನಿಂದಲೂ ಉಬ್ಬಸವಿತ್ತು. ಒಂದು ದಿನವೂ ಕೆಮ್ಮಲಿಲ್ಲ. ಜನ ಸುಮ್ಮನೆ ಹೆದರಿಸುತ್ತಾರೆ.

ಹಳೆಯ ಟೆಕ್ನೀಷಿಯನ್ · 8.30
ಮೇಷ್ಟ್ರೇ, ನಿಮ್ಮ ಮನೆಯವರು ಚೆನ್ನಾಗಿರುವುದು ಸಂತೋಷದ ವಿಷಯ. ಆದರೆ ಸ್ತನಕ್ಕೆ ಕೊಡುವಾಗ ಕಿರಣ ಎದೆಗೂಡನ್ನು ಓರೆಯಾಗಿ ಸವರಿಕೊಂಡು ಹೋಗುತ್ತದೆ, ಶ್ವಾಸಕೋಶದ ಒಂದು ತೆಳು ಅಂಚು ಮಾತ್ರ ಒಳಗೆ ಸಿಗುತ್ತದೆ. ಅದಕ್ಕೇ ಅಲ್ಲಿ ನ್ಯೂಮೊನೈಟಿಸ್ ಅಪರೂಪ. ಉಬ್ಬಸ ಬೇರೆ, ಐಎಲ್‌ಡಿ ಬೇರೆ. ಉಬ್ಬಸದಲ್ಲಿ ಗಾಳಿ ಹೋಗುವ ನಾಳ ಕಿರಿದಾಗುತ್ತದೆ, ಐಎಲ್‌ಡಿಯಲ್ಲಿ ಗಾಳಿಚೀಲದ ಗೋಡೆಯೇ ದಪ್ಪವಾಗುತ್ತದೆ.

ನಾನು ಕೋಬಾಲ್ಟ್ ಯಂತ್ರದ ಕಾಲದಿಂದ ನಿವೃತ್ತಿಯವರೆಗೆ ಈ ಕೆಲಸ ಮಾಡಿದವನು. ಆಗ ಎದುರಿನಿಂದ ಒಂದು, ಬೆನ್ನಿನಿಂದ ಒಂದು ಚೌಕ ಹಾಕಿ ಕೊಡುತ್ತಿದ್ದೆವು. ತಿಂಗಳುಗಳ ನಂತರ ಎಕ್ಸ್‌ರೇ ತೆಗೆದರೆ ಆ ಚೌಕದ ಅಂಚು ಗದ್ದೆಯ ಬದುವಿನ ಹಾಗೆ ನೇರವಾಗಿ ಕಾಣುತ್ತಿತ್ತು. ಸೋಂಕಿನ ನ್ಯುಮೋನಿಯಾ ಹಾಗೆ ಗೆರೆ ಎಳೆದುಕೊಂಡು ಬರುವುದಿಲ್ಲ, ಶ್ವಾಸಕೋಶದ ಹಾಲೆಗಳ ಜಾಡು ಹಿಡಿದು ಹೋಗುತ್ತದೆ. ಈಗ ಕಿರಣಗಳು ಹತ್ತು ದಿಕ್ಕಿನಿಂದ ಬರುವುದರಿಂದ ಅಷ್ಟು ನೇರ ಗೆರೆ ಸಿಗುವುದಿಲ್ಲವಾದರೂ, ಯೋಜನೆಯ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಕಿರಣ ಬಿದ್ದ ಜಾಗ ಯಾವುದು, ಬೀಳದ ಜಾಗ ಯಾವುದು ಎಂದು ಗೊತ್ತಾಗುತ್ತದೆ.

ತಾಯಿ, ನೀವು ಕೇಳಬೇಕಾದದ್ದು ಏನೆಂದು ಹೇಳುತ್ತೇನೆ. ಯೋಜನೆ ತಯಾರಾದ ಮೇಲೆ ‘ವಿ20 ಎಷ್ಟು ಬಂತು, ಶ್ವಾಸಕೋಶದ ಸರಾಸರಿ ಡೋಸ್ ಎಷ್ಟು’ ಎಂದು ಕೇಳಿ. ವಿ20 ಎಂದರೆ 20 ಗ್ರೇ ಅಥವಾ ಅದಕ್ಕಿಂತ ಹೆಚ್ಚು ವಿಕಿರಣ ಬಿದ್ದ ಶ್ವಾಸಕೋಶದ ಪಾಲು. ಆರು ವಾರದ ಚಿಕಿತ್ಸೆಗೆ ಅದು ಶೇಕಡಾ 30ರಿಂದ 35ನ್ನು ದಾಟಬಾರದು, ಸರಾಸರಿ 20ರಿಂದ 23 ಗ್ರೇ ಮೀರಬಾರದು ಎಂಬ ಮಿತಿಯನ್ನು 2010ರಿಂದ ಎಲ್ಲೆಡೆ ಬಳಸುತ್ತಾರೆ. ಆದರೆ ಅದು ಸರಿಯಾದ ಶ್ವಾಸಕೋಶಕ್ಕೆ ಹಾಕಿದ ಮಿತಿ. ಐಎಲ್‌ಡಿ ಇದ್ದವರಿಗೆ ಇಂತಿಷ್ಟರವರೆಗೆ ಭಯವಿಲ್ಲ ಎಂಬ ಸಂಖ್ಯೆಯೇ ಇಲ್ಲ, ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಎರಡು ಸೆಂಟಿಮೀಟರಿನ ಗೆಡ್ಡೆಗೆ ಐದು ಕಂತಿನಲ್ಲಿ ಕೊಡುವಾಗ ವಿ20 ಸಾಮಾನ್ಯವಾಗಿ ಹತ್ತರೊಳಗೇ ಇರುತ್ತದೆ.

ಇನ್ನೊಂದು ಮಾತು. ಕೆಳಭಾಗದ ಗೆಡ್ಡೆ ಉಸಿರಿನ ಜೊತೆ ಮೇಲೆ ಕೆಳಗೆ ಹೆಚ್ಚು ಓಡಾಡುತ್ತದೆ. ಅದನ್ನು ಹಿಡಿಯಲು ಫೋರ್-ಡಿ ಸಿಟಿ ಮಾಡುತ್ತಾರೋ, ಹೊಟ್ಟೆಯ ಮೇಲೆ ಪಟ್ಟಿ ಬಿಗಿದು ಉಸಿರು ಚಿಕ್ಕದಾಗಿಸುತ್ತಾರೋ, ಕೇಳಿ. ಓಡಾಟ ಹೆಚ್ಚಿದ್ದರೆ ಸುತ್ತಲಿನ ಒಳ್ಳೆಯ ಭಾಗವನ್ನೂ ಸೇರಿಸಿ ಹೊಡೆಯಬೇಕಾಗುತ್ತದೆ.

ಕಡೂರು ತೆಂಗು · 9.02
ನಮ್ಮಮ್ಮನಿಗೆ ನಲವತ್ತು ವರ್ಷ ಸೌದೆ ಒಲೆ ಊದಿ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ಬಂದಿದೆ, ಒಂದು ದಿನವೂ ಬೀಡಿ ಮುಟ್ಟಿದವರಲ್ಲ. ಅವರಿಗೂ ಇದೇ ಅಪಾಯ ಅನ್ವಯಿಸುತ್ತದೆಯೇ?

ಅರಕಲಗೂಡು ಪಿಜಿ · 9.40
ಅದೇ ಮಟ್ಟದಲ್ಲಿ ಅನ್ವಯಿಸುವುದಿಲ್ಲ. ಸಿಒಪಿಡಿ ಇದ್ದವರಲ್ಲಿ ನ್ಯೂಮೊನೈಟಿಸ್ ಹೆಚ್ಚೋ ಕಡಿಮೆಯೋ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಬಹಳ ಸಿಒಪಿಡಿ ರೋಗಿಗಳು ಎಸ್‌ಬಿಆರ್‌ಟಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತಾರೆ. ಆದರೆ ಅವರ ಬಳಿ ಉಳಿತಾಯ ಕಡಿಮೆ. ಬೇರೆಯವರು ಕೆಮ್ಮಿ ಸುಧಾರಿಸಿಕೊಳ್ಳುವಷ್ಟು ಉರಿಯೂತ ಇವರನ್ನು ಆಮ್ಲಜನಕದ ಮೇಲೆ ಮಲಗಿಸಬಹುದು. ನಿಜವಾದ ಹೆದರಿಕೆ ಇರುವುದು ಕಲೆಗಟ್ಟುವ ಕಾಯಿಲೆಗಳಲ್ಲಿ, ಅದರಲ್ಲೂ ಸಿಟಿಯಲ್ಲಿ ಜೇನುಗೂಡಿನಂತೆ ತೂತುತೂತಾಗಿ ಕಾಣುವ ಬಗೆಯಲ್ಲಿ.

ಚಿಕ್ಕಮಗಳೂರು ಸೈಕಲ್ · 11.48
ಬೀಡಿ ಸೇದುವವರಿಗೆ ಈ ನ್ಯೂಮೊನೈಟಿಸ್ ಕಡಿಮೆ ಬರುತ್ತದೆ ಎಂದು ಓದಿದ್ದೇನೆ. ನಿಜವೇ? ನಿಜವಾದರೆ ನಮ್ಮ ಮಾವ ಹಬ್ಬ ಮಾಡುತ್ತಾರೆ.

ಹಳೆಯ ಟೆಕ್ನೀಷಿಯನ್ · 12.10
ಲೆಕ್ಕದಲ್ಲಿ ಹಾಗೆ ಬಂದಿರುವುದು ನಿಜ. ಆದರೆ ಸೇದುತ್ತಲೇ ಚಿಕಿತ್ಸೆ ಪಡೆದವರಲ್ಲಿ ಕ್ಯಾನ್ಸರ್ ಗುಣವಾಗುವುದೇ ಕಡಿಮೆ. ಮಾವನವರಿಗೆ ವಾಕ್ಯ ಪೂರ್ತಿ ಓದಿ ಹೇಳಿ.

ಕಳಸದ ಅತ್ತೆ · ಮಧ್ಯಾಹ್ನ 2.20
ದಿನಕ್ಕೆ ಎರಡು ಸಲ ಅಮೃತಬಳ್ಳಿ, ಶುಂಠಿ, ಕಾಳುಮೆಣಸಿನ ಕಷಾಯ ಕೊಡಿ. ನಮ್ಮ ಕಡೆ ಯಾವ ಕೆಮ್ಮಾದರೂ ಮೂರು ದಿನಕ್ಕೆ ಇಳಿಯುತ್ತದೆ.

ಮಲೆನಾಡು ಡಾಕ್ಟರ್ · 3.45
ಅತ್ತೆಯವರೇ, ಕಷಾಯವನ್ನು ನಾನೂ ಕುಡಿಯುತ್ತೇನೆ, ಆದರೆ ‘ಯಾವ ಕೆಮ್ಮಾದರೂ’ ಎಂಬ ಆ ಮಾತಿನಿಂದಲೇ ನನ್ನ ಕೈಯಲ್ಲಿ ಒಂದು ಅನಾಹುತವಾಯಿತು, ಅದನ್ನು ಇಲ್ಲಿ ಬರೆಯದೆ ಇರಲಾರೆ.

ನಾನು ಘಟ್ಟದ ಅಂಚಿನ ಒಂದು ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಆರಿದ್ರಾ ಮಳೆ ಹಿಡಿದಿದ್ದ ಹೊತ್ತಿನಲ್ಲಿ ಒಬ್ಬ ಹಿರಿಯರು ಕೆಮ್ಮೆಂದು ಬಂದರು. ಆ ವಾರ ನನ್ನ ಬೆಂಚಿನ ಮೇಲೆ ಕೂತವರೆಲ್ಲರೂ ಕೆಮ್ಮುತ್ತಲೇ ಇದ್ದರು. ಅವರಿಗೂ ಐದು ದಿನದ ಆಂಟಿಬಯಾಟಿಕ್ ಬರೆದೆ. ಕಡಿಮೆಯಾಗದೆ ಮತ್ತೆ ಬಂದಾಗ ಬೇರೆ ಆಂಟಿಬಯಾಟಿಕ್ ಬರೆದೆ. ಮೂರನೆಯ ಸಲ ಅವರ ಸೊಸೆ ‘ಡಾಕ್ಟ್ರೇ, ಯುಗಾದಿ ಹೊತ್ತಿಗೆ ಇವರಿಗೆ ಎದೆಗೆ ಕರೆಂಟು ಕೊಟ್ಟಿದ್ದರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ’ ಎಂದು ಕೇಳಿದಾಗಲೇ ನನ್ನ ತಲೆಗೆ ಹೊಳೆದದ್ದು. ಆಗ ಅವರ ಆಮ್ಲಜನಕದ ಮಟ್ಟ 84. ಉರಿಯೂತ ಇಳಿಸುವ ಸ್ಟೀರಾಯ್ಡ್ ಶುರುಮಾಡಿ ಹಾಸನಕ್ಕೆ ಕಳುಹಿಸಿದೆವು. ಉಳಿದರು, ಆದರೆ ಆ ಮೂರು ವಾರ ಕಳೆದುಹೋಗಿತ್ತು, ಮೊದಲಿನಂತೆ ತೋಟಕ್ಕೆ ನಡೆಯಲಾಗಲಿಲ್ಲ.

ಅವರ ಬಳಿ ಆಸ್ಪತ್ರೆಯ ಕಡತವಿತ್ತು. ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಎಲ್ಲಿ ಕೊಡಿಸಿದರೂ ಕೊನೆಯ ದಿನ ಕೈ ಕುಲುಕಿ ಕಳುಹಿಸುತ್ತಾರೆ. ಅಪಾಯದ ಹೊತ್ತು ಶುರುವಾಗುವುದು ರೋಗಿ ನಮ್ಮ ಊರಿಗೆ ಬಂದು ಎರಡು ತಿಂಗಳಾದ ಮೇಲೆ. ಆಗ ಎದುರಿಗಿರುವವನು ನನ್ನಂಥ ವೈದ್ಯ. ಹಾಗಾಗಿ ಈ ಚರ್ಚೆಯಲ್ಲಿ ಎಲ್ಲರೂ ಕೊಡಿಸಬೇಕೋ ಬೇಡವೋ ಎಂದು ವಾದಿಸುತ್ತಿದ್ದರೂ ನನ್ನ ಕಳವಳವೆಲ್ಲ ಮುಂದಿನ ಮಳೆಗಾಲದ ಬಗ್ಗೆ. ಏಪ್ರಿಲ್ ಕೊನೆಯಲ್ಲಿ ಕೊಡಿಸಿದರೆ ಕೆಮ್ಮು ಬರುವ ಅವಧಿ ಸರಿಯಾಗಿ ಜೂನ್, ಜುಲೈ. ಮಲೆನಾಡಿನಲ್ಲಿ ಆಗ ಯಾರಿಗೆ ಕೆಮ್ಮಿರುವುದಿಲ್ಲ?

ಹೇಮಾವತಿ ದಂಡೆ · 4.20
ಡಾಕ್ಟರ್ ಸರ್, ನಮ್ಮ ಚಿಕ್ಕಪ್ಪನಿಗೂ ಎರಡು ಸಲ ಆಂಟಿಬಯಾಟಿಕ್ ಕೊಟ್ಟಿದ್ದರು. ಇಷ್ಟು ದಿನ ಕರೆಂಟಿನಿಂದಲೇ ಹೋದರು ಎಂದುಕೊಂಡಿದ್ದೆ. ಈಗ ನೀವು ಬರೆದದ್ದು ಓದಿ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಮಲೆನಾಡು ಡಾಕ್ಟರ್ · 5.05
ಕಾಗದಪತ್ರ ನೋಡದೆ ಅವರ ವಿಷಯದಲ್ಲಿ ನಾನು ಏನನ್ನೂ ಹೇಳಲಾರೆ. ಸರಿಯಾದ ಹೊತ್ತಿಗೆ ಸ್ಟೀರಾಯ್ಡ್ ಕೊಟ್ಟರೂ ಉಳಿಯದವರಿದ್ದಾರೆ, ಐಎಲ್‌ಡಿ ಇದ್ದವರಲ್ಲಿ ಅದು ಹೆಚ್ಚು. ದಯವಿಟ್ಟು ಆ ಭಾರವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಡಿ.

ಕಡೂರು ತೆಂಗು · 5.30
ಸ್ಟೀರಾಯ್ಡ್ ಎಂದರೆ ಮೂಳೆ ಪುಡಿಯಾಗುತ್ತದೆ, ಸಕ್ಕರೆ ಏರುತ್ತದೆ. ಅದನ್ನು ಇಷ್ಟು ಹಗುರವಾಗಿ ಹೇಳುತ್ತೀರಲ್ಲ.

ಮಲೆನಾಡು ಡಾಕ್ಟರ್ · 8.15
ಹಗುರವಾಗಿ ಹೇಳುತ್ತಿಲ್ಲ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡನ್ನು ದೇಹದ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ ದಿನಕ್ಕೆ 40ರಿಂದ 60 ಮಿಲಿಗ್ರಾಂ, ಎರಡು ವಾರ ಕೊಟ್ಟು, ಆಮೇಲೆ ಆರರಿಂದ ಹನ್ನೆರಡು ವಾರಗಳಲ್ಲಿ ಮೆಲ್ಲಗೆ ಇಳಿಸುವುದು ರೂಢಿ. ಕೆಮ್ಮು ನಿಂತಿತೆಂದು ರೋಗಿಯೇ ಮಾತ್ರೆ ಬಿಟ್ಟರೆ ಉರಿಯೂತ ಮರುಕಳಿಸುತ್ತದೆ. ನಾನು ಕಂಡ ಎರಡನೆಯ ದೊಡ್ಡ ತಪ್ಪು ಅದೇ. ಸಕ್ಕರೆ ಕಾಯಿಲೆಯವರಿಗೆ ವಾರವಾರ ರಕ್ತ ನೋಡಬೇಕು. ಹಳೆಯ ಕ್ಷಯ ಇದೆಯೇ ಎಂದು ಕಫ ಮತ್ತು ಸ್ಕ್ಯಾನ್ ನೋಡದೆ ದೊಡ್ಡ ಪ್ರಮಾಣ ಶುರುಮಾಡಬಾರದು, ನಮ್ಮ ದೇಶದಲ್ಲಂತೂ ಇದನ್ನು ಮರೆಯುವಂತಿಲ್ಲ. ತಿಂಗಳು ದಾಟಿ 20 ಮಿಲಿಗ್ರಾಂ ಮೀರಿ ನಡೆದರೆ ನ್ಯೂಮೊಸಿಸ್ಟಿಸ್ ಎಂಬ ಶಿಲೀಂಧ್ರದ ಸೋಂಕು ತಡೆಯಲು ಕೋಟ್ರೈಮಾಕ್ಸಜೋಲ್ ಸೇರಿಸುತ್ತಾರೆ. ಎಲ್ಲವೂ ವೈದ್ಯರ ಕಣ್ಣಿನಡಿ ನಡೆಯಬೇಕಾದ ಕೆಲಸ. ಇಲ್ಲಿ ಓದಿದ ಲೆಕ್ಕದಿಂದ ಮೆಡಿಕಲ್ ಶಾಪಿನಲ್ಲಿ ಕೊಂಡು ನುಂಗುವಂಥದ್ದಲ್ಲ.

ಅರಸೀಕೆರೆ ಜಂಕ್ಷನ್ · 9.10
ನನ್ನ ಯಜಮಾನರಿಗೆ ಶ್ವಾಸಕೋಶದ ಕ್ಯಾನ್ಸರ್, ಮೂರನೆಯ ಹಂತ. ಕೀಮೋ ಮತ್ತು ರೇಡಿಯೇಷನ್ ಒಟ್ಟಿಗೇ ನಡೆದು ಮುಗಿದಿದೆ. ಈಗ ಡುರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ) ಶುರುಮಾಡೋಣ ಎನ್ನುತ್ತಿದ್ದಾರೆ. ಅದರಿಂದಲೂ ನ್ಯೂಮೊನೈಟಿಸ್ ಬರುತ್ತದಂತೆ. ಎರಡೂ ಸೇರಿದರೆ ಗತಿಯೇನು?

ಅರಕಲಗೂಡು ಪಿಜಿ · 10.00
ಮೇಡಂ, ಆ ಔಷಧವನ್ನು ಪರೀಕ್ಷಿಸಿದ ಪೆಸಿಫಿಕ್ ಎಂಬ ಪ್ರಯೋಗದಲ್ಲಿ ಎಲ್ಲ ಮಟ್ಟದ ನ್ಯೂಮೊನೈಟಿಸ್ ಸೇರಿ ಔಷಧ ಪಡೆದವರಲ್ಲಿ ಶೇಕಡಾ 33.9, ಪಡೆಯದವರಲ್ಲಿ 24.8 ಇತ್ತು. ತೀವ್ರ ಮಟ್ಟದ್ದು ಮಾತ್ರ ನೋಡಿದರೆ 3.4 ಮತ್ತು 2.6. ಅಂದರೆ ಹೆಚ್ಚಾಗುವುದು ನಿಜ, ಆದರೆ ಬಹುಪಾಲು ಸೌಮ್ಯವಾದದ್ದು. ಕೀಮೋ ಜೊತೆಯಲ್ಲಿ ಪೂರ್ತಿ ರೇಡಿಯೇಷನ್ ಪಡೆದವರಲ್ಲಿ ಲಕ್ಷಣವಿರುವ ನ್ಯೂಮೊನೈಟಿಸ್ ಶೇಕಡಾ 30ರ ಹತ್ತಿರ, ಅದರಿಂದ ಸಾವು ಶೇಕಡಾ 2ರ ಹತ್ತಿರ ಎಂದು 836 ಜನರ ಮಾಹಿತಿ ಸೇರಿಸಿ 2013ರಲ್ಲಿ ಲೆಕ್ಕ ಹಾಕಿದ್ದರು. 65 ದಾಟಿದವರಿಗೆ, ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಗಳ ಜೋಡಿ ಪಡೆದವರಿಗೆ ಅಪಾಯ ಹೆಚ್ಚು ಕಂಡಿತ್ತು. ಯಜಮಾನರಿಗೆ ಮೊದಲೇ ಐಎಲ್‌ಡಿ ಇದ್ದರೆ ಅದನ್ನು ಶುರುಮಾಡುವ ಮುನ್ನವೇ ಹೇಳಿ. ಇಲ್ಲಿ ಯಾರೂ ಅದನ್ನು ಊಹಿಸಬಾರದು.

ಸಕಲೇಶಪುರ ಏಲಕ್ಕಿ · 10.35
ನನಗೊಂದು ಅನುಮಾನ. ಮೂಡಿಗೆರೆ ಅಕ್ಕ, ಅಪ್ಪ ‘ಕೊಟ್ಟಿಗೆಗೆ ಹೋಗುತ್ತಾರೆ’ ಎಂದು ಬರೆದಿದ್ದೀರಿ. ಅವರಿಗೆ ಆ ಕಾಯಿಲೆ ಬಂದದ್ದು ಯಾವುದರಿಂದ ಎಂದು ಯಾರಾದರೂ ಹೇಳಿದ್ದಾರೆಯೇ? ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಬಂದದ್ದು ಬೂಷ್ಟು ಹಿಡಿದ ಹುಲ್ಲಿನಿಂದ. ಮಳೆಗಾಲದಲ್ಲಿ ಅಟ್ಟದ ಹುಲ್ಲು ಕೊಡವಿದಾಗ ಏಳುವ ಬಿಳಿ ಧೂಳು ಗೊತ್ತಲ್ಲ, ಅದು.

ಅರಕಲಗೂಡು ಪಿಜಿ · 10.50
ಬಹಳ ಒಳ್ಳೆಯ ಪ್ರಶ್ನೆ, ನಾನೇ ಕೇಳಬೇಕಿತ್ತು. ಭಾರತದ 27 ಕೇಂದ್ರಗಳಲ್ಲಿ 1,084 ಐಎಲ್‌ಡಿ ರೋಗಿಗಳನ್ನು ನೋಂದಾಯಿಸಿ 2017ರಲ್ಲಿ ಪ್ರಕಟಿಸಿದ ದಾಖಲೆಯಲ್ಲಿ ಶೇಕಡಾ 47.3 ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್. ಉತ್ತರದ ನಗರಗಳಲ್ಲಿ ಏರ್‌ಕೂಲರ್, ಪಾರಿವಾಳ. ನಮ್ಮ ಕಡೆ ಹುಲ್ಲು, ಗೊಬ್ಬರ, ಕೋಳಿ. ರೇಡಿಯೇಷನ್ನಿನ ಉರಿಯೂತದ ಮೇಲೆ ಇದೂ ಬಂದು ಕೂತರೆ ಎರಡನ್ನೂ ಬೇರ್ಪಡಿಸುವುದೇ ಕಷ್ಟ.

ಮೂಡಿಗೆರೆ ಮಗಳು · ಏಪ್ರಿಲ್ 18, ಬೆಳಿಗ್ಗೆ 7.00
ಹುಲ್ಲಿನ ವಿಷಯ ನಾಲ್ಕು ವರ್ಷದ ಹಿಂದೆಯೇ ಹೇಳಿದ್ದರು. ಅಪ್ಪ ಒಂದು ವರ್ಷ ಮುಖಕ್ಕೆ ಟವೆಲ್ ಕಟ್ಟಿಕೊಂಡರು, ಆಮೇಲೆ ಅದನ್ನೂ ಬಿಟ್ಟರು. ಇನ್ನೊಂದು ವಿಷಯ ನಿನ್ನೆ ರಾತ್ರಿ ಗೊತ್ತಾಯಿತು. ಆ ಹಳೆಯ ಎಚ್‌ಆರ್‌ಸಿಟಿ ಫಿಲಂಗಳು ನಮ್ಮ ಬೀರುವಿನಲ್ಲೇ ಇವೆ. ರೇಡಿಯೇಷನ್ ವೈದ್ಯರು ಈಚಿನದನ್ನು ಮಾತ್ರ ನೋಡಿದ್ದಾರೆ.

ಹಳೆಯ ಟೆಕ್ನೀಷಿಯನ್ · 7.20
ಇವತ್ತೇ ಒಯ್ಯಿರಿ ತಾಯಿ. ನಾಲ್ಕು ವರ್ಷದಲ್ಲಿ ಕಲೆ ಎಷ್ಟು ಬೆಳೆದಿದೆ ಎಂಬುದರ ಮೇಲೆ ಅವರ ನಿರ್ಧಾರವೇ ಬದಲಾಗಬಹುದು. ನಿಂತಿದ್ದರೆ ಒಂದು ಲೆಕ್ಕ, ಓಡುತ್ತಿದ್ದರೆ ಇನ್ನೊಂದು ಲೆಕ್ಕ. ವೇಗವಾಗಿ ಓಡುತ್ತಿದ್ದರೆ ಗೆಡ್ಡೆಯನ್ನು ಮುಟ್ಟದೆ ಕಾದು ನೋಡುವುದೂ ತಪ್ಪಲ್ಲ.

ಮೂಡಿಗೆರೆ ಮಗಳು · ಮೇ 9, ರಾತ್ರಿ 8.30
ಎಲ್ಲರ ಮಾತನ್ನೂ ಓದಿಕೊಂಡು, ಹಳೆಯ ಫಿಲಂಗಳನ್ನು ಒಯ್ದು ತೋರಿಸಿದೆವು. ಶ್ವಾಸಕೋಶದ ವೈದ್ಯರನ್ನೂ ಸೇರಿಸಿಕೊಂಡು ಮಾತನಾಡಿ, ಕಲೆ ಅಷ್ಟೇನೂ ಮುಂದುವರಿದಿಲ್ಲ ಎಂದರು. ಅಣ್ಣ ಎರಡು ದಿನ ಮಾತು ಬಿಟ್ಟಿದ್ದು ಕೊನೆಗೆ ತಾನೇ ಕಾರು ಓಡಿಸಿಕೊಂಡು ಬಂದ. ಐದು ಕಂತೂ ದಿನ ಬಿಟ್ಟು ದಿನ ಮುಗಿದವು. ವಿ20 ಎಷ್ಟೆಂದು ಕೇಳಿದಾಗ ಆ ಯುವ ವೈದ್ಯೆ ಆಶ್ಚರ್ಯಪಟ್ಟು ನಕ್ಕು ‘ಆರು’ ಎಂದರು. ಹೊರಡುವಾಗ ಚಿಕಿತ್ಸೆಯ ಸಾರಾಂಶ ಮತ್ತು ಬಣ್ಣದ ನಕ್ಷೆಯ ಪ್ರತಿ ಕೇಳಿ ಪಡೆದೆವು. ನಮ್ಮ ಊರಿನ ಡಾಕ್ಟರಿಗೆ ಒಂದು ಪ್ರತಿ ಕೊಟ್ಟಿದ್ದೇವೆ.

ಮಲೆನಾಡು ಡಾಕ್ಟರ್ · ಮೇ 9, 9.15
ಬಹಳ ಒಳ್ಳೆಯದಾಯಿತು. ಪಲ್ಸ್ ಆಕ್ಸಿಮೀಟರ್ ಒಂದು ಕೊಂಡು, ಅಪ್ಪ ಚೆನ್ನಾಗಿರುವಾಗಲೇ ಕೂತಾಗ ಎಷ್ಟು, ಅಂಗಳದಲ್ಲಿ ಆರು ನಿಮಿಷ ನಡೆದ ಮೇಲೆ ಎಷ್ಟು ಎಂದು ವಾರಕ್ಕೆರಡು ಸಲ ಕ್ಯಾಲೆಂಡರಿನ ಮೇಲೆ ಬರೆಯಿರಿ. ಕೂತಾಗಿನ ಸಂಖ್ಯೆ ಮೋಸ ಮಾಡುತ್ತದೆ, ನಡೆದಾಗಿನದು ಮೊದಲು ಇಳಿಯುತ್ತದೆ.

ಮೂಡಿಗೆರೆ ಮಗಳು · ಜುಲೈ 14, ರಾತ್ರಿ 11.20
ಪುನರ್ವಸು ಮಳೆ ನಿಲ್ಲದೆ ಹೊಯ್ಯುತ್ತಿದೆ. ಅಪ್ಪನಿಗೆ ಹತ್ತು ದಿನದಿಂದ ಒಣಕೆಮ್ಮು. ನಡೆದ ಮೇಲೆ 94 ಇದ್ದದ್ದು ನಿನ್ನೆ 88ಕ್ಕೆ ಬಂತು. ಕ್ಯಾಲೆಂಡರ್ ನೋಡಿದ ತಕ್ಷಣ ಊರಿನ ಡಾಕ್ಟರು ಕಫ, ರಕ್ತ, ಸಿಟಿ ಬರೆದುಕೊಟ್ಟರು. ಸಿಟಿಯಲ್ಲಿ ಮಸುಕು ಗಾಜಿನಂತಹ ಛಾಯೆ ಬಂದಿದೆ. ನಕ್ಷೆಯ ಪಕ್ಕ ಇಟ್ಟು ನೋಡಿದರೆ ವಿಕಿರಣ ಬಿದ್ದ ಜಾಗದಲ್ಲೂ ಇದೆ, ಎಡಗಡೆಯ ಮೇಲ್ಭಾಗದಲ್ಲೂ ಚೂರು ಇದೆ. ಎಡಗಡೆಗೆ ವಿಕಿರಣ ಬಿದ್ದೇ ಇಲ್ಲ. ಕ್ಷಯ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ.

ಸಕಲೇಶಪುರ ಏಲಕ್ಕಿ · 11.35
ಅಕ್ಕ, ಹುಲ್ಲು?

ಮೂಡಿಗೆರೆ ಮಗಳು · 11.41
ಹೌದು. ಆಳು ಬರಲಿಲ್ಲವೆಂದು ಜೂನ್ ಕೊನೆಯಲ್ಲಿ ನಾಲ್ಕು ದಿನ ಅಪ್ಪನೇ ಅಟ್ಟ ಹತ್ತಿ ಹುಲ್ಲು ಇಳಿಸಿದ್ದಾರೆ. ಅಮ್ಮ ಈಗ ಹೇಳಿದರು.

ಅರಕಲಗೂಡು ಪಿಜಿ · ಜುಲೈ 15, ಬೆಳಿಗ್ಗೆ 6.30
ಐಎಲ್‌ಡಿ ಇದ್ದವರಲ್ಲಿ ರೇಡಿಯೇಷನ್ನಿನ ಉರಿಯೂತ ಕೆಲವೊಮ್ಮೆ ತನ್ನ ಗಡಿ ದಾಟಿ ಇನ್ನೊಂದು ಬದಿಗೂ ಹಬ್ಬುತ್ತದೆ. ಹುಲ್ಲಿನಿಂದ ಹಳೆಯ ಕಾಯಿಲೆ ಕೆರಳಿರಲೂಬಹುದು. ಎರಡಕ್ಕೂ ಸ್ಟೀರಾಯ್ಡೇ ಮದ್ದು. ಹೆಸರಿನ ಜಗಳ ಆಮೇಲೆ ಇರಲಿ, ಇವತ್ತೇ ಕರೆದುಕೊಂಡು ಹೋಗಿ ಅಕ್ಕ.

ಮೂಡಿಗೆರೆ ಮಗಳು · ಆಗಸ್ಟ್ 11, ಸಂಜೆ 6.10
ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಪ್ರೆಡ್ನಿಸೋಲೋನ್ 50ರಿಂದ ಶುರುವಾಗಿ ಈಗ 30ಕ್ಕೆ ಇಳಿದಿದೆ. ಸಕ್ಕರೆ ಏರಿ ಇನ್ಸುಲಿನ್ ಹಾಕುತ್ತಿದ್ದೇವೆ. ಕೆಮ್ಮು ಅರ್ಧ ಕಡಿಮೆಯಾಗಿದೆ. ಕೂತಾಗ 94, ನಡೆದರೆ 89. ಗೆಡ್ಡೆ ಚಿಕ್ಕದಾಗಿದೆಯೋ ಇಲ್ಲವೋ ಈ ಉರಿಯೂತದ ನಡುವೆ ಹೇಳಲಾಗದು, ಅಕ್ಟೋಬರಿನಲ್ಲಿ ಮತ್ತೆ ಸ್ಕ್ಯಾನ್ ಎಂದಿದ್ದಾರೆ. ಕೊಡಿಸಿದ್ದು ಸರಿಯಾಯಿತೇ ಎಂದು ಅಣ್ಣ ಕೇಳಿಲ್ಲ, ನಾನೂ ಹೇಳಿಲ್ಲ. ಎರಡು ಹಸುಗಳನ್ನು ಕೊಟ್ಟೆವು. ಮೂರನೆಯದನ್ನು ಕೊಡಲು ಅಪ್ಪ ಬಿಡುತ್ತಿಲ್ಲ, ಅದರ ಮೇವಿನ ಕೆಲಸ ಅಣ್ಣನದು.

ಈಗ ಬೇರೆ ಪ್ರಶ್ನೆ. ಮನೆಯಲ್ಲಿ ರಾತ್ರಿ ಹೊತ್ತು ಆಕ್ಸಿಜನ್ ಬೇಕೆಂದಿದ್ದಾರೆ. ಕಾನ್ಸಂಟ್ರೇಟರ್ ಬಾಡಿಗೆಗೆ ಸಿಗುತ್ತದೆಯೇ? ನಮ್ಮಲ್ಲಿ ಗಾಳಿ ಬೀಸಿ ಮರ ಬಿದ್ದರೆ ಎರಡು ದಿನ ಕರೆಂಟು ಇರುವುದಿಲ್ಲ.

ಹೇಮಾವತಿ ದಂಡೆ · 6.32
ಚಿಕ್ಕಪ್ಪನಿಗೆಂದು ಕೊಂಡಿದ್ದ ಐದು ಲೀಟರಿನ ಯಂತ್ರ ನಮ್ಮ ಮನೆಯಲ್ಲೇ ಇದೆ, ಬಾಡಿಗೆ ಬೇಡ. ಕರೆಂಟು ಹೋದಾಗ ಯುಪಿಎಸ್ ಮೇಲೆ ಬಹಳ ಹೊತ್ತು ಓಡುವುದಿಲ್ಲ, ಹಾಗಾಗಿ ಒಂದು ಸಿಲಿಂಡರ್ ಕೂಡ ತುಂಬಿಸಿ ಇಟ್ಟುಕೊಳ್ಳಬೇಕು. ಫಿಲ್ಟರ್ ಹೊಸದು ಹಾಕಿಸಿ ನಾಳಿದ್ದು ಬೇಲೂರಿನವರೆಗೆ ತರುತ್ತೇನೆ. ನಿಮ್ಮ ಅಣ್ಣನವರನ್ನು ಅಲ್ಲಿಗೆ ಕಳುಹಿಸಿ.